ಡಾರ್ಜಿಲಿಂಗ್‌ನ ಒಂಟಿ ಗ್ಯಾರಟ್: ಕಡಿಮೆ ಖರ್ಚಿನಲ್ಲಿ ಮಾಡೆಲ್ ಕಟ್ಟುವುದು ಹೇಗೆ

ಡಾರ್ಜಿಲಿಂಗ್ ರೈಲು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆ ಪುಟ್ಟ ಬಿ ಕ್ಲಾಸ್ ಇಂಜಿನ್. ಅದೇ ಎರಡಡಿ ಅಗಲದ ಹಳಿಯ ಮೇಲೆ ಇನ್ನೊಂದು ಇಂಜಿನ್ ಓಡಾಡಿತ್ತು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಡಿ ಕ್ಲಾಸ್ ಗ್ಯಾರಟ್, 0-4-0+0-4-0, ಅಂದರೆ ನಾಲ್ಕು ನಾಲ್ಕು ಚಕ್ರದ ಎರಡು ಜೊತೆ. ಮ್ಯಾಂಚೆಸ್ಟರ್‌ನ ಬೇಯರ್ ಪೀಕಾಕ್ ಕಂಪನಿಯಿಂದ 1911ರಲ್ಲಿ ಬಂತು. ಬಂದಿದ್ದು ಒಂದೇ ಒಂದು. 1954ರಲ್ಲಿ ಗುಜರಿ ಸೇರಿತು.

ಇಂಥ ಇಂಜಿನ್ ಬೇಕು ಅಂದರೆ ಹಿತ್ತಾಳೆ ಕಿಟ್‌ನ ಬೆಲೆ ನೋಡಿ ನಿಟ್ಟುಸಿರು ಬಿಡಬೇಕು, ಇಲ್ಲ ನಾವೇ ಕಟ್ಟಬೇಕು. ಎರಡು ತುಂಡಾಗಿ ಬಳುಕುವ ಇಂಜಿನ್ ಅಂದರೆ ಕಷ್ಟ ಅಂತ ನಾನೂ ಎರಡು ವರ್ಷ ಮುಂದೆ ಹಾಕಿದ್ದೆ. ನಿಜ ಹೇಳಬೇಕಂದರೆ ಬಳುಕುವ ಇಂಜಿನ್‌ಗಳಲ್ಲಿ ಗ್ಯಾರಟ್‌ನಷ್ಟು ಸುಲಭದ್ದು ಇನ್ನೊಂದಿಲ್ಲ. ಹರ್ಬರ್ಟ್ ಗ್ಯಾರಟ್ 1907ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಉಪಾಯ ಇಷ್ಟೇ: ಆ ಕಡೆ ಒಂದು ಪುಟ್ಟ ಇಂಜಿನ್, ಈ ಕಡೆ ಒಂದು, ನಡುವೆ ತೊಟ್ಟಿಲಿನ ಹಾಗೆ ಬಾಯ್ಲರ್ ತೂಗುತ್ತದೆ. ಬಾಯ್ಲರ್ ಕೆಳಗೆ ಚಕ್ರವೇ ಇಲ್ಲ. ಅಂದರೆ ಮಾಡೆಲ್ ಮಾಡುವವರಿಗೆ ಎರಡು ಚಾಸಿ (ಚಕ್ರ, ಗೇರ್ ಇರುವ ತಳಭಾಗ), ಒಂದು ತೊಟ್ಟಿಲು. ಅಷ್ಟೇ ಅಲ್ವಾ!

ಸ್ಕೇಲ್ 1:76 ಇಟ್ಟುಕೊಳ್ಳಿ. ಇದರಲ್ಲಿ ಒಂದು ಅಡಿ ಅಂದರೆ 4 ಮಿ.ಮೀ., ಕ್ಯಾಲ್ಕುಲೇಟರ್ ಬೇಕಿಲ್ಲ. ಎರಡಡಿ ಹಳಿ 8 ಮಿ.ಮೀ. ಆಗಬೇಕು. ನಾವು ಎನ್ ಗೇಜ್ ಅನ್ನುವ ಸಣ್ಣ ಮಾಡೆಲ್ ರೈಲಿನ 9 ಮಿ.ಮೀ. ಹಳಿಯನ್ನೇ ಬಳಸುತ್ತೇವೆ. ಒಂದು ಮಿ.ಮೀ. ಜಾಸ್ತಿ, ಯಾರೂ ಸ್ಕೇಲ್ ಹಿಡಿದು ಅಳೆಯುವುದಿಲ್ಲ. ಹಾಗೆ ಮಾಡಿದರೆ ಎನ್ ಗೇಜ್‌ನ ನಾಲ್ಕು ಚಕ್ರದ ಚಾಸಿಗಳು ನೇರವಾಗಿ ಕೂರುತ್ತವೆ. ಕಾಟೋದಂಥ ಕಂಪನಿಗಳ ಸಣ್ಣ ಚಾಸಿ ಸಾಕು, ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ನನ್ನ ಖರ್ಚಿನಲ್ಲಿ ಮುಕ್ಕಾಲು ಪಾಲು ಹೋಗಿದ್ದು ಇದಕ್ಕೇ. ಇಲ್ಲಿ ಮಾತ್ರ ಜಿಪುಣತನ ಬೇಡ, ಮಿಕ್ಕಿದ್ದೆಲ್ಲ ಮನೆಯಲ್ಲೇ ಸಿಗುತ್ತದೆ.

ಎರಡು ಚಾಸಿ ತಗೊಳ್ಳಿ, ಆದರೆ ಒಂದಕ್ಕೆ ಮಾತ್ರ ಮೋಟಾರ್ ಇರಲಿ. ಎರಡು ಮೋಟಾರ್ ಒಂದೇ ವೇಗದಲ್ಲಿ ಓಡದಿದ್ದರೆ ಒಂದನ್ನೊಂದು ಎಳೆದಾಡುತ್ತವೆ. ಇನ್ನೊಂದು ಚಾಸಿಯಿಂದ ಮೋಟಾರ್ ಜೊತೆಗೆ ವರ್ಮ್ ಗೇರನ್ನೂ (ಸ್ಕ್ರೂ ಆಕಾರದ ಗೇರ್) ತೆಗೆಯಲೇಬೇಕು. ನಾನು ಮೋಟಾರ್ ಒಂದನ್ನೇ ಬಿಚ್ಚಿ ಖುಷಿಯಾಗಿದ್ದೆ. ವರ್ಮ್ ಗೇರನ್ನು ಚಕ್ರದ ಕಡೆಯಿಂದ ತಿರುಗಿಸಲು ಆಗುವುದಿಲ್ಲ, ಹಾಗಾಗಿ ಆ ಚಕ್ರಗಳು ಉರುಳದೆ ಹಳಿ ಮೇಲೆ ಜಾರಿಕೊಂಡು ಬರುತ್ತಿದ್ದವು. ಒಂದು ಸಂಜೆ ಪೂರ್ತಿ ಇದು ಯಾಕೆ ಅಂತ ತಲೆ ಕೆರೆದುಕೊಂಡೆ.

ಮೋಟಾರ್ ಇಲ್ಲದ ಚಾಸಿ ದಂಡ ಅಲ್ಲ. ಅದರ ಚಕ್ರಗಳಿಂದಲೂ ಕರೆಂಟ್ ತಗೊಂಡು ಮೋಟಾರ್ ಇರುವ ಕಡೆಗೆ ಎರಡು ವೈರ್ ಎಳೆಯಿರಿ, ಎಡಕ್ಕೆ ಎಡ, ಬಲಕ್ಕೆ ಬಲ. ನಾಲ್ಕು ಚಕ್ರದ ಇಂಜಿನ್ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ಪದೇ ಪದೇ ನಿಂತುಬಿಡುತ್ತದೆ, ಎಂಟು ಚಕ್ರದ್ದು ಹಾಗೆ ನಿಲ್ಲುವುದು ಕಡಿಮೆ. ವೈರ್ ಮಾತ್ರ ಆದಷ್ಟು ತೆಳ್ಳಗೆ, ಮೆತ್ತಗೆ ಇರಲಿ, ನಡುವೆ ಸ್ವಲ್ಪ ಸಡಿಲ ಬಿಡಿ. ಗಟ್ಟಿ ವೈರ್ ಸ್ಪ್ರಿಂಗ್ ಹಾಗೆ ಚಾಸಿಯನ್ನು ಪಕ್ಕಕ್ಕೆ ತಳ್ಳಿ ತಿರುವಿನಲ್ಲಿ ಹಳಿ ತಪ್ಪಿಸುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನಲ್ಲಿ ಒಂದು ಸುತ್ತು ಹೊಡೆಯಿರಿ, ಇಂಥ ವೈರ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಈಗ ತೊಟ್ಟಿಲು. ಮೊದಲು ರಟ್ಟಿನಲ್ಲೇ ಮಾಡಿ. ಪಕ್ಕದಿಂದ ತೆಗೆದ ಫೋಟೋ ಅಥವಾ ಡ್ರಾಯಿಂಗ್ ಅನ್ನು ಸ್ಕೇಲ್‌ಗೆ ಪ್ರಿಂಟ್ ಮಾಡಿ ಅಂಟಿಸಿ ಕತ್ತರಿಸಿ, ಎರಡು ಚಾಸಿ ಮೇಲೆ ಗುಂಡುಪಿನ್‌ನಿಂದ ಚುಚ್ಚಿ, ನಿಮ್ಮ ಹತ್ತಿರ ಇರುವ ಅತಿ ಬಿಗಿ ತಿರುವಿನಲ್ಲಿ ಕೈಯಿಂದ ತಳ್ಳಿ ನೋಡಿ. ಚಾಸಿ ಮೇಲೆ ಕೂರುವ ನೀರಿನ ಟ್ಯಾಂಕಿನ ಮೂಲೆ ಬಾಯ್ಲರ್‌ನ ಮುಂದಿನ ತುದಿಯ ಸ್ಮೋಕ್‌ಬಾಕ್ಸ್‌ಗೆ ತಾಗುತ್ತದಾ? ತಾಗಿದರೆ ಅಂತರ ಒಂದೆರಡು ಮಿ.ಮೀ. ಜಾಸ್ತಿ ಮಾಡಿ. ರಟ್ಟು ಕೆಟ್ಟರೆ ಏನೂ ನಷ್ಟವಿಲ್ಲ.

ತೊಟ್ಟಿಲು ಚಾಸಿಗೆ ಸೇರುವ ತಿರುಗಣೆಯಲ್ಲೇ ಎಲ್ಲ ಗುಟ್ಟು ಇರುವುದು. ಎರಡೂ ಕಡೆ ಸ್ಕ್ರೂ ಬಿಗಿ ಮಾಡಿದರೆ ಹಳಿ ಸ್ವಲ್ಪ ಏರುಪೇರಾದರೂ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಒಂದು ಕಡೆ ಅಗಲದ ವಾಷರ್ ಹಾಕಿ, ಆ ಚಾಸಿ ಎಡಬಲಕ್ಕೆ ತಿರುಗಲಿ ಆದರೆ ವಾಲದಿರಲಿ. ಇನ್ನೊಂದು ಕಡೆ ಸಣ್ಣ ಮಣಿಯೊಂದನ್ನು ನಡುವೆ ಇಟ್ಟು ಸ್ಕ್ರೂ ಸಡಿಲ ಬಿಡಿ, ಅದು ತಿರುಗಲೂಬೇಕು, ಪಕ್ಕಕ್ಕೆ ವಾಲಲೂಬೇಕು. ಮೂರು ಕಾಲಿನ ಸ್ಟೂಲ್ ಎಂಥ ನೆಲದ ಮೇಲೂ ಅಲ್ಲಾಡದೆ ಕೂರುತ್ತದಲ್ಲ, ಅದೇ ಲೆಕ್ಕ.

ಟ್ಯಾಂಕ್, ಕ್ಯಾಬ್‌ಗೆ ಅವಧಿ ಮುಗಿದ ಎಟಿಎಂ ಕಾರ್ಡ್‌ಗಳೇ ಬೇಕಾದಷ್ಟು. ದಪ್ಪ 0.76 ಮಿ.ಮೀ., ಬ್ಲೇಡಿನಲ್ಲಿ ಎರಡು ಸಲ ಗೀರಿ ಮಡಚಿದರೆ ನೇರವಾಗಿ ಮುರಿಯುತ್ತದೆ. ಬಾಯ್ಲರ್‌ಗೆ ಅರ್ಧ ಇಂಚಿನ ಸಿಪಿವಿಸಿ ಪೈಪ್, ಹೊರಗಿನ ಅಳತೆ ಸುಮಾರು 16 ಮಿ.ಮೀ., ನಮ್ಮ ಸ್ಕೇಲಿನಲ್ಲಿ 4 ಅಡಿ. ಡ್ರಾಯಿಂಗ್‌ನಲ್ಲಿ ಇನ್ನೂ ದಪ್ಪ ಇದ್ದರೆ ಕಾಗದ ಸುತ್ತಿ, ತೆಳ್ಳಗಿದ್ದರೆ ಖಾಲಿ ಮಾರ್ಕರ್ ಪೆನ್ ನೋಡಿ. ರಿವೆಟ್‌ಗೆ ತೆಳು ಕಾಗದದ ಹಿಂದಿನಿಂದ ಇಂಕು ಮುಗಿದ ಬಾಲ್‌ಪೆನ್ನಿನಲ್ಲಿ ಒಂದೊಂದೇ ಚುಕ್ಕೆ ಒತ್ತಿ, ಆ ಕಾಗದವನ್ನು ಟ್ಯಾಂಕಿಗೆ ಅಂಟಿಸಿ. ಬೇಜಾರಿನ ಕೆಲಸ, ರೇಡಿಯೋ ಹಾಕಿಕೊಳ್ಳಿ. 3ಡಿ ಪ್ರಿಂಟ್ ಮಾಡಿಸಬಹುದು, ಆದರೆ ಗೆರೆಗಳನ್ನು ಉಜ್ಜಿ ನುಣುಪು ಮಾಡುವಷ್ಟರಲ್ಲಿ ಕಾರ್ಡ್ ಕತ್ತರಿಸಿ ಮುಗಿಸಿರುತ್ತೀರಿ.

ಚಕ್ರಗಳನ್ನು ಹೊರಗಿನಿಂದ ಜೋಡಿಸುವ ರಾಡ್‌ಗೆ ತೆಳು ಹಿತ್ತಾಳೆ ಪಟ್ಟಿ. ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬೆಸುಗೆ ಹಾಕಿ, ಒಟ್ಟಿಗೇ ತೂತು ಕೊರೆದು, ಆಮೇಲೆ ಬಿಸಿ ಮಾಡಿ ಬಿಡಿಸಿ. ಆಗ ಎಡದ್ದು ಬಲದ್ದು ಎರಡರ ತೂತುಗಳ ಅಂತರ ಒಂದೇ ಇರುತ್ತದೆ. ಬೇರೆ ಬೇರೆ ಕೊರೆದರೆ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಚಕ್ರ ಕುಂಟುತ್ತದೆ. ರಾಡ್ ಬೇಡ ಅನಿಸಿದರೆ ಬಿಡಿ, ಚಾಸಿಯ ಒಳಗಿನ ಗೇರೇ ಓಡಿಸುತ್ತದೆ.

ಭಾರ ಮೋಟಾರ್ ಇರುವ ಕಡೆಯ ಟ್ಯಾಂಕಿಗೇ ತುಂಬಿ. ಬಾಯ್ಲರ್ ಒಳಗೆ ಇಟ್ಟರೆ ಅರ್ಧ ಭಾರ ಸುಮ್ನೆ ಉರುಳುವ ಚಕ್ರಗಳ ಮೇಲೆ ಹೋಗುತ್ತದೆ. ಕಬ್ಬಿಣದ ನಟ್‌ಗಳು ಸಾಕು, ಮೀನು ಹಿಡಿಯುವ ಸೀಸದ ಗುಂಡು ಬಳಸಿದರೆ ಕೈ ತೊಳೆಯಿರಿ.

ಬಣ್ಣವನ್ನು ತೆಳುವಾಗಿ, ಒಣಗಿಸುತ್ತಾ ಹೊಡೆಯಿರಿ. ಥಿನ್ನರ್ ಜಾಸ್ತಿಯಾದರೆ ಕಾರ್ಡ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ನನಗೆ ಈಗಿನ ಡಾರ್ಜಿಲಿಂಗ್ ನೀಲಿ ಹಚ್ಚುವ ಆಸೆ ಬಹಳ ಇತ್ತು, ತಡೆದುಕೊಂಡು ಕಪ್ಪು ಹಚ್ಚಿದೆ.

ಕೊನೆಗೆ ಕಪ್ಲರ್, ಅಂದರೆ ಬೋಗಿ ಜೋಡಿಸುವ ಕೊಂಡಿ. ಅದನ್ನು ಟ್ಯಾಂಕಿನ ಮೈಗೆ ಅಲ್ಲ, ಕೆಳಗಿನ ಚಾಸಿಗೇ ಕೂರಿಸಿ. ನನ್ನದು ಮೊದಲ ದಿನ ಮೂರು ಬೋಗಿ ಕಟ್ಟಿಕೊಂಡು ತಿರುವಿಗೆ ಬಂತು, ಟ್ಯಾಂಕಿಗೆ ಅಂಟಿಸಿದ್ದ ಕಪ್ಲರ್ ಟ್ಯಾಂಕಿನ ಸಮೇತ ಕಿತ್ತು ಬೋಗಿ ಜೊತೆಗೇ ಹಿಂದೆ ಉಳಿಯಿತು, ಇಂಜಿನ್ ಮಾತ್ರ ಹಗುರಾಗಿ ಮುಂದೆ ಹೋಗಿಬಿಟ್ಟಿತು.