ನೋಟಿಸುಗಳನ್ನು ಪತ್ರಿಕೆಯಿಂದ ವೆಬ್‌ಸೈಟಿಗೆ ತಂದ ಅನುಭವ

ನಮ್ಮ ಕಚೇರಿಯ ಸಾರ್ವಜನಿಕ ನೋಟಿಸುಗಳನ್ನು ಪತ್ರಿಕೆಯ ಬದಲು ವೆಬ್‌ಸೈಟಿನಲ್ಲಿ ಪ್ರಕಟಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಕಾನೂನು ನೋಡಿದೆ. ನಿಯಮದಲ್ಲಿ ‘ಪತ್ರಿಕೆಯಲ್ಲಿ’ ಅಂತಲೇ ಇದ್ದರೆ ವೆಬ್‌ಸೈಟಿನಲ್ಲಿ ಮಾತ್ರ ಹಾಕಿದ್ದು ನಿಲ್ಲುವುದಿಲ್ಲ. ಅಂಥ ನೋಟಿಸುಗಳನ್ನು ಪತ್ರಿಕೆಗೇ ಬಿಟ್ಟು, ಉಳಿದವನ್ನು ಕೈಗೆತ್ತಿಕೊಂಡೆ.

ಅಪ್‌ಲೋಡ್ ಮಾಡೋದು ಸುಲಭ. ಆದರೆ ಪತ್ರಿಕೆ ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಕೆಲಸವೂ ಈಗ ನಮ್ಮ ಮೇಲೇ ಬಿತ್ತು. ಅಚ್ಚಾಗಿ ಮನೆಮನೆಗೆ ಹೋದ ಪತ್ರಿಕೆಯನ್ನು ಯಾರೂ ತಿದ್ದಲಾರರು. ದಿನಾಂಕ ಪುಟದ ತಲೆಯಲ್ಲೇ ಇರುತ್ತದೆ. ವೆಬ್ ಪುಟದಲ್ಲಿ ರಾತ್ರಿ ಒಂದು ಸಾಲು ಬದಲಾದರೆ ಬೆಳಿಗ್ಗೆ ಯಾರಿಗೂ ಗೊತ್ತಾಗಲ್ಲ. ಆಕ್ಷೇಪಣೆಗೆ 30 ದಿನ ಕೊಟ್ಟಿದ್ದರೆ, ಅದು ಯಾವತ್ತಿನಿಂದ ಶುರು ಅನ್ನೋದರ ಮೇಲೆ ಒಬ್ಬರ ಹಕ್ಕೇ ನಿಂತಿರುತ್ತದೆ, ಅಲ್ವಾ?

ಹಾಗಾಗಿ ಪ್ರತಿ ನೋಟಿಸಿಗೂ ಒಂದು ಕ್ರಮಸಂಖ್ಯೆ, ಎಂದೂ ಬದಲಾಗದ ಒಂದು ಲಿಂಕ್. ಪ್ರಕಟಿಸುವಾಗಲೇ ಫೈಲಿಗೆ ಡಿಜಿಟಲ್ ಸಹಿ ಹಾಕಿ, ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ 64 ಅಕ್ಷರಗಳ ಸಾಲನ್ನು ತೆಗೆದಿಡುತ್ತೇವೆ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಬೇರೆಯೇ ಬರುತ್ತದೆ. ಫೈಲಿನ ಮತ್ತು ಹ್ಯಾಶ್‌ನ ಒಂದು ಪ್ರತಿ ನಮ್ಮ ಕೈಗೆಟುಕದ ಹೊರಗಿನ ಸಂಸ್ಥೆಯ ಬಳಿ ಇರಲೇಬೇಕು ಅಂತ ನಾನು ಪಟ್ಟು ಹಿಡಿದೆ. ನೋಟಿಸ್ ಹೊರಡಿಸಿದವರೇ ಅದಕ್ಕೆ ಸಾಕ್ಷಿಯೂ ಆದರೆ ಜನ ಯಾಕೆ ನಂಬಬೇಕು? ತಪ್ಪು ಕಂಡರೆ ಹಳೆಯದನ್ನು ಮುಟ್ಟೋದಿಲ್ಲ. ಹೊಸ ಸಂಖ್ಯೆ ಕೊಟ್ಟು ತಿದ್ದೋಲೆ ಹೊರಡಿಸುತ್ತೇವೆ.

ಮುದ್ರೆ ಒತ್ತಿದ ಹಾಳೆಯನ್ನು ಸ್ಕ್ಯಾನ್ ಮಾಡಿ ಸುಮ್ನೆ ಹಾಕುವ ಅಭ್ಯಾಸವನ್ನೂ ಬಿಡಿಸಿದೆ. ಅದು ಬರೀ ಚಿತ್ರ. ತಮ್ಮ ಆಸ್ತಿಯ ನಂಬರ್ ಹಾಕಿ ಹುಡುಕಿದವರಿಗೆ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದುವುದಿಲ್ಲ. ಈಗ ಹುಡುಕಲು ಸಿಗುವಂಥ ಯೂನಿಕೋಡ್ ಅಕ್ಷರಗಳ ಪಠ್ಯ ಮೊದಲು, ಸ್ಕ್ಯಾನ್ ಕೆಳಗೆ.

ಜಾಸ್ತಿ ಯೋಚನೆಗೆ ಹಚ್ಚಿದ್ದು ಓದುಗರ ವಿಷಯ. ಬೇರೇನೋ ಓದಲು ಪತ್ರಿಕೆ ಬಿಡಿಸಿದವರ ಕಣ್ಣಿಗೆ ನೋಟಿಸ್ ಬೀಳುತ್ತಿತ್ತು. ವೆಬ್‌ಸೈಟಿಗೆ ಹಾಗೆ ಸುಮ್ಮನೆ ಯಾರು ಬರುತ್ತಾರೆ? ಅಮೆರಿಕದ ಫ್ಲಾರಿಡಾದಲ್ಲಿ 2023ರಿಂದ ಜಾರಿಯಲ್ಲಿರುವ ಕಾನೂನು ಇಲ್ಲಿ ದಾರಿ ತೋರಿಸಿತು. ವೆಬ್‌ಸೈಟಿಗೆ ಹೋದ ಕಚೇರಿಗಳು ಹೆಸರು ನೋಂದಾಯಿಸಿದವರಿಗೆ ನೋಟಿಸನ್ನು ಅಂಚೆಯಲ್ಲೋ ಇಮೇಲಿನಲ್ಲೋ ಕಳಿಸಬೇಕು. ಈ ಸೌಲಭ್ಯ ಇದೆಯೆಂದು ವರ್ಷಕ್ಕೊಮ್ಮೆಯಾದರೂ ಪತ್ರಿಕೆಯಲ್ಲೋ ಎಲ್ಲ ನಿವಾಸಿಗಳಿಗೂ ತಲುಪುವ ಬೇರೆ ಪ್ರಕಟಣೆಯಲ್ಲೋ ತಿಳಿಸಬೇಕು. ನಾವೂ ಬಡಾವಣೆವಾರು ನೋಂದಣಿ ಶುರು ಮಾಡಿದೆವು. ಇಂಟರ್ನೆಟ್ ಇಲ್ಲದವರಿಗಾಗಿ ನೋಟಿಸ್ ಬೋರ್ಡಿಗೂ ಒಂದು ಪ್ರತಿ ಹೋಗುತ್ತದೆ. ಮನೆ, ಜಮೀನು ಕೈತಪ್ಪಬಹುದಾದ ನೋಟಿಸಾದರೆ ಇಷ್ಟೂ ಸಾಲದು. ಸಂಬಂಧಪಟ್ಟವರ ವಿಳಾಸಕ್ಕೇ, ಸಹಿ ಪಡೆದು ಕೊಡುವ ಅಂಚೆಯಲ್ಲಿ ಕಳಿಸುತ್ತೇವೆ.