ಪೈಪಲ್ಲಿ ಊಟ ಕೊಡುವಾಗ ತಿಳಿಗಂಜಿ ಸಾಲದು

ಪಾರ್ಶ್ವವಾಯು ಹೊಡೆದು ನುಂಗಲಾಗದವರು, ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು, ಐಸಿಯುನಿಂದ ಈಚೆಗಷ್ಟೇ ಹೊರಬಂದವರು ಎಷ್ಟೋ ಸಲ ಮೂಗಿನಿಂದ ಹೊಟ್ಟೆಗೆ ಇಳಿಸಿದ ಪೈಪು ಇದ್ದಂತೆಯೇ ಮನೆಗೆ ಬರುತ್ತಾರೆ. ಡಾಕ್ಟರು ಇದನ್ನು ರೈಲ್ಸ್ ಟ್ಯೂಬ್ ಅನ್ನುತ್ತಾರೆ. ಡಿಸ್ಚಾರ್ಜ್ ದಿನ ನರ್ಸ್ ಒಂದು ಸಲ ತೋರಿಸಿಕೊಡುತ್ತಾರೆ. ಆಮೇಲೆ ಎಲ್ಲ ಮನೆಯವರ ಕೈಯಲ್ಲಿ.

ಪೈಪು ಕಟ್ಟಿಕೊಂಡೀತು, ಹೊಟ್ಟೆಗೆ ಭಾರವಾದೀತು ಅಂತ ಹೆದರಿ ಮನೆಯವರು ಎಳನೀರು, ಗಂಜಿ ತಿಳಿ, ಬೇಳೆ ಕಟ್ಟು, ಮೂಸಂಬಿ ರಸದಲ್ಲೇ ದಿನ ದೂಡುತ್ತಾರೆ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಮಾತು ನಿಂತವರು ಹಸಿವು ಅಂತ ಹೇಳುವುದಾದರೂ ಹೇಗೆ? ವಾರಗಳಲ್ಲೇ ತೋಳು, ತೊಡೆ ಸೊರಗುತ್ತವೆ, ಬೆನ್ನಲ್ಲಿ ಹುಣ್ಣಾಗುತ್ತದೆ. ಅದನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಎಷ್ಟೋ ಸಲ ಅದು ಬರೀ ಉಪವಾಸ.

ಮೊದಲು ಎಷ್ಟು ಬೇಕು ಅಂತ ನೋಡಿ. ಸಾಮಾನ್ಯವಾಗಿ ದಿನಕ್ಕೆ ತೂಕದ ಪ್ರತಿ ಕಿಲೋಗೆ 25ರಿಂದ 30 ಕ್ಯಾಲೊರಿ, 1.2 ಗ್ರಾಂನಷ್ಟು ಪ್ರೋಟೀನ್ ಬೇಕು. 50 ಕಿಲೋ ತೂಕದವರಿಗೆ 1,250ರಿಂದ 1,500 ಕ್ಯಾಲೊರಿ, 60 ಗ್ರಾಂ ಪ್ರೋಟೀನ್. ಕಿಡ್ನಿ, ಲಿವರ್ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಆಗ ಆಸ್ಪತ್ರೆಯ ಡಯಟಿಷಿಯನ್ ಬರೆದುಕೊಟ್ಟ ಚೀಟಿಯೇ ಪ್ರಮಾಣ.

ಒಂದು ಎಚ್ಚರಿಕೆ. ಐದು ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಏನೂ ಬೀಳದವರಿಗೆ, ತುಂಬಾ ಸೊರಗಿದವರಿಗೆ ಒಮ್ಮೆಲೇ ಪೂರ್ತಿ ಊಟ ಕೊಡಬಾರದು. ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಇಳಿದು ಹೃದಯಕ್ಕೇ ಅಪಾಯವಾಗಬಹುದು. ಇಂಥವರಿಗೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಥಯಮಿನ್ (ಬಿ1 ವಿಟಮಿನ್) ಕೊಟ್ಟು, ಅರ್ಧ ಅಥವಾ ಅದಕ್ಕೂ ಕಡಿಮೆ ಊಟದಿಂದ ಶುರು ಮಾಡುತ್ತಾರೆ. ಪ್ರೀತಿಯಿಂದಲೇ ಆದರೂ ಇಲ್ಲಿ ಅವಸರ ಬೇಡ.

ಇನ್ನು ಅಡುಗೆ. 50 ಗ್ರಾಂ ಅಕ್ಕಿ, 50 ಗ್ರಾಂ ಹೆಸರುಬೇಳೆಯನ್ನು ನೀರು ಜಾಸ್ತಿ ಹಾಕಿ ಕುಕ್ಕರಿನಲ್ಲಿ ನುಣ್ಣಗೆ ಬೇಯಿಸಿ. ಅರ್ಧ ಲೀಟರ್ ಕಾಯಿಸಿದ ಹಾಲು, ಗಟ್ಟಿಯಾಗಿ ಬೇಯಿಸಿದ ಎರಡು ಮೊಟ್ಟೆ, ನಾಲ್ಕು ಟೀ ಚಮಚ ಎಣ್ಣೆ ಸೇರಿಸಿ ಮಿಕ್ಸಿಗೆ ಹಾಕಿ. ನೀರು ಬೆರೆಸಿ ಒಂದು ಲೀಟರ್ ಮಾಡಿಕೊಳ್ಳಿ. ಹೆಚ್ಚುಕಡಿಮೆ 1,000 ಕ್ಯಾಲೊರಿ, 40 ಗ್ರಾಂಗೂ ಮೀರಿ ಪ್ರೋಟೀನ್ ಇದರಲ್ಲಿದೆ. ಮೊಟ್ಟೆ ತಿನ್ನದ ಮನೆಯಲ್ಲಿ ಬೇಳೆ, ಹಾಲು ಹೆಚ್ಚಿಸಬೇಕು.

ಇಷ್ಟು ಗಟ್ಟಿ ಗಂಜಿ ಪೈಪಿನಲ್ಲಿ ಇಳಿಯುತ್ತದಾ? ಇಲ್ಲಿ ಕೂಸಿನ ರಾಗಿ ಸರಿಯ ಹಿಟ್ಟು ಕೈ ಹಿಡಿಯುತ್ತದೆ. ರಾಗಿ ಮೊಳಕೆಯೊಡೆದಾಗ ಅದರಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಬೆಂದ ಗಂಜಿ ಕುದಿ ನಿಂತು ಇನ್ನೂ ಬಿಸಿಯಿರುವಾಗ ಒಂದೆರಡು ಚಮಚ ಮೊಳಕೆ ರಾಗಿ ಹಿಟ್ಟು ಹಾಕಿ ಕಲಕಿ. ಸೌಟಿಗೆ ಅಂಟುತ್ತಿದ್ದ ಗಂಜಿ ಸ್ವಲ್ಪ ಹೊತ್ತಿನಲ್ಲೇ ತೆಳ್ಳಗಾಗಿ ಸುರಿಯುತ್ತದೆ. ನೀರು ಹಾಕಿ ತೆಳು ಮಾಡಿದರೆ ಸತ್ವ ಇಳಿಯುತ್ತದೆ, ಹೀಗೆ ಮಾಡಿದರೆ ಇಳಿಯುವುದಿಲ್ಲ. ಮತ್ತೆ ಚೆನ್ನಾಗಿ ಕುದಿಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ. ಹಿಟ್ಟನ್ನು ಕೆಂಪಗೆ ಹುರಿದಿದ್ದರೆ ಮಾತ್ರ ಈ ಗುಣ ಹೋಗಿರುತ್ತದೆ. ಮಿಕ್ಕಿದ್ದನ್ನು ತಕ್ಷಣ ಫ್ರಿಜ್‌ಗೆ ಸೇರಿಸಿ, ಮರುದಿನಕ್ಕೆ ಉಳಿಸಬೇಡಿ.

ಕೊಡುವ ಮುಂಚೆ ಕೈ ತೊಳೆದುಕೊಳ್ಳಿ. ತಲೆ, ಬೆನ್ನು ಅರ್ಧ ಕೂತಂತೆ ಎತ್ತಿ. ಬರೀ ಕುತ್ತಿಗೆಗೆ ದಿಂಬು ಕೊಟ್ಟರೆ ಸಾಲದು. ಮೂಗಿನ ಹತ್ತಿರ ಪೈಪಿನ ಮೇಲೆ ಹಾಕಿದ ಗುರುತು ಅಲ್ಲೇ ಇದೆಯಾ ನೋಡಿ. ಬಾಯಿ ತೆರೆಸಿ, ಪೈಪು ಒಳಗೆ ಸುರುಳಿ ಸುತ್ತಿಕೊಂಡಿಲ್ಲ ಅನ್ನುವುದನ್ನೂ ನೋಡಿ. ಗುರುತು ಸರಿದಿದ್ದರೆ ಒಂದು ಹನಿಯನ್ನೂ ಹಾಕಬೇಡಿ, ಊಟ ಶ್ವಾಸಕೋಶಕ್ಕೆ ಹೋಗಬಹುದು. ಸಿರಿಂಜಿನಲ್ಲಿ ಮೆಲ್ಲಗೆ ಎಳೆದಾಗ ಹಿಂದಿನ ಊಟವೇ ತುಂಬಾ ವಾಪಸ್ ಬಂದರೂ ತಡೆಯಿರಿ, ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ಎಲ್ಲ ಸರಿಯಿದ್ದರೆ ಪೈಪನ್ನು ಬೆರಳಲ್ಲಿ ಮಡಚಿ ಹಿಡಿದು, 50 ಎಂಎಲ್ ಸಿರಿಂಜಿನ ಒಳಗಿನ ಕಡ್ಡಿ ತೆಗೆದು ಜೋಡಿಸಿ. ಮೊದಲು 30 ಎಂಎಲ್ ಕಾಯಿಸಿ ಆರಿಸಿದ ನೀರು, ಆಮೇಲೆ ಊಟ. ಅದು ತನ್ನಷ್ಟಕ್ಕೆ ಇಳಿಯಲಿ. ಕಡ್ಡಿಯಿಂದ ಒತ್ತಿ ನೂಕಬೇಡಿ. 250 ಎಂಎಲ್ ಇಳಿಯಲು 15–20 ನಿಮಿಷ ಬೇಕು. ಸಿರಿಂಜ್ ಪೂರ್ತಿ ಖಾಲಿಯಾಗುವ ಮುಂಚೆಯೇ ಮತ್ತೆ ತುಂಬಿ, ಇಲ್ಲದಿದ್ದರೆ ಗಾಳಿ ಹೋಗಿ ಹೊಟ್ಟೆ ಉಬ್ಬುತ್ತದೆ. ಕೊನೆಗೆ ಮತ್ತೆ ನೀರು. ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಿಸಬೇಡಿ. ಮೂರು ಗಂಟೆಗೊಮ್ಮೆ, ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಹೀಗೆ ಕೊಟ್ಟರೆ ಒಂದೂವರೆ ಲೀಟರ್ ಆಗುತ್ತದೆ.

ಮಾತ್ರೆಯನ್ನು ಊಟದಲ್ಲಿ ಬೆರೆಸಬೇಡಿ, ಪುಡಿ ಮಾಡಿ ನೀರಲ್ಲಿ ಬೇರೆಯಾಗಿ ಕೊಡಿ. ಕೆಲವು ಮಾತ್ರೆ ಪುಡಿ ಮಾಡುವಂತೆಯೇ ಇಲ್ಲ, ಕೇಳಿಕೊಳ್ಳಿ. ಬಾಯಿಂದ ಉಣ್ಣದಿದ್ದರೂ ಹಲ್ಲು, ನಾಲಿಗೆ ದಿನಕ್ಕೆರಡು ಸಲ ಒರೆಸಲೇಬೇಕು. ವಾರಕ್ಕೊಮ್ಮೆ ಟೈಲರ್ ಟೇಪಿನಿಂದ ತೋಳಿನ ಸುತ್ತಳತೆ ಬರೆದಿಡಿ. ಅದು ಇಳಿಯುತ್ತಿದ್ದರೆ ಊಟ ಸಾಲುತ್ತಿಲ್ಲವೇನೋ ಅಂತ ಡಾಕ್ಟರಿಗೆ ತೋರಿಸಿ.

ಕೊಡುತ್ತಿರುವಾಗ ಕೆಮ್ಮು, ಏದುಸಿರು, ವಾಂತಿ ಬಂದರೆ ತಕ್ಷಣ ನಿಲ್ಲಿಸಿ. ಉಸಿರಾಟ ಸರಿಹೋಗದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಪೈಪು ಹೊರಗೆ ಬಂದರೆ ಮನೆಯಲ್ಲೇ ಮತ್ತೆ ತೂರಿಸಲು ಹೋಗಬೇಡಿ. ರಾತ್ರಿ ಒಂದು ಊಟ ತಪ್ಪಿದರೆ ನಡೆಯುತ್ತದೆ, ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಾಕಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಮಾತ್ರ ಆಗಲೇ ಫೋನ್ ಮಾಡಿ ಕೇಳಿ.