ಪ್ರೆಸ್ ಇಲ್ಲದ ಮನೆಯಲ್ಲಿ ಪ್ರಿಂಟ್: ಕಲಾ ಕಾಲೇಜು ಮುಗಿದ ಮೇಲಿನ ನನ್ನ ಅನುಭವ

ಕಲಾ ಕಾಲೇಜಿನಲ್ಲಿ ನಾನು ಓದಿದ್ದು ಪ್ರಿಂಟ್‌ಮೇಕಿಂಗ್. ಅಂದರೆ ತಗಡು, ಕಲ್ಲು, ಮರದ ಮೇಲೆ ಚಿತ್ರ ಮಾಡಿ ಅದರಿಂದ ಕಾಗದಕ್ಕೆ ಅಚ್ಚು ತೆಗೆಯುವ ಕಲೆ. ಎಚ್ಚಿಂಗ್ (ಆಸಿಡ್‌ನಿಂದ ಕೊರೆದ ಲೋಹದ ತಗಡಿನ ಅಚ್ಚು), ಲಿಥೋ (ಕಲ್ಲಚ್ಚು), ವುಡ್‌ಕಟ್ (ಮರದಚ್ಚು) ಎಲ್ಲ ಕಲಿಸುವ ವಿಭಾಗ ಅದು. ಈಗ ಹೊಟ್ಟೆಪಾಡಿಗೆ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಜೊತೆಗೆ ಪ್ರಿಂಟ್ ಮಾಡುವುದನ್ನೂ ಬಿಟ್ಟಿಲ್ಲ.

ಪೇಂಟಿಂಗ್ ಓದಿದವರು ಕಾಲೇಜು ಬಿಟ್ಟ ಮಾರನೇ ದಿನವೇ ಮನೆಯಲ್ಲಿ ಬ್ರಶ್ ಹಿಡಿದು ಕೂರಬಹುದು. ಪ್ರಿಂಟ್ ಓದಿದವರಿಗೆ ಅದು ಆಗುವುದಿಲ್ಲ. ಎಚ್ಚಿಂಗ್ ಪ್ರೆಸ್ ಅಂದರೆ ನೂರಾರು ಕಿಲೋ ತೂಗುವ ಕಬ್ಬಿಣದ ಯಂತ್ರ. ಆಸಿಡ್‌ಗೆ ಬೇರೆ ಜಾಗ ಬೇಕು, ಹೊಗೆ ಹೊರಗೆ ಹೋಗಲು ಫ್ಯಾನ್ ಬೇಕು, ಕಾಗದ ನೆನೆಸಲು ತೊಟ್ಟಿ ಬೇಕು. ಡಿಗ್ರಿ ಕೈಗೆ ಬರುವ ಹೊತ್ತಿಗೆ ಇವೆಲ್ಲ ಕೈತಪ್ಪುತ್ತವೆ.

ನನ್ನ ಬ್ಯಾಚಿನ ಹೆಚ್ಚಿನವರು ಪ್ರಿಂಟ್ ಮಾಡುವುದನ್ನು ನಿಲ್ಲಿಸಿದ್ದು ಹೀಗೇ. ಪ್ರತಿಭೆ ಇರಲಿಲ್ಲ, ಛಲ ಇರಲಿಲ್ಲ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಆ ಮಾತು ಕೇಳಿದರೆ ನನಗೆ ನೋವಾಗುತ್ತದೆ. ಅವರಲ್ಲಿ ಕೆಲವರ ಕೈ ನನಗಿಂತ ಎಷ್ಟೋ ಚೆನ್ನಾಗಿತ್ತು. ಆದದ್ದು ಇಷ್ಟೇ: ಪ್ರೆಸ್ ಹೋಯಿತು, ಗಡುವು ಹೋಯಿತು, ಕೆಲಸ ನೋಡಿ ಮಾತಾಡುವ ಜನ ಹೋದರು. ಈ ಮೂರನ್ನೂ ಕಾಲೇಜು ನಾವು ಕೇಳದೆಯೇ ಕೊಟ್ಟಿತ್ತು. ಹೊರಗೆ ಬಂದ ಮೇಲೆ ಒಂದೊಂದಾಗಿ ನಾವೇ ಕಟ್ಟಿಕೊಳ್ಳಬೇಕು. ನಾನು ಅದನ್ನು ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಕಾಲೇಜಿನ ಬಗ್ಗೆ ಸ್ವಲ್ಪ. ನನಗೆ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಕಲಿಸಿದವರು ವರ್ಕ್‌ಶಾಪಿನ ಟೆಕ್ನಿಷಿಯನ್. ಎಚ್ಚಿಂಗ್‌ನಲ್ಲಿ ಸತುವಿನ ತಗಡಿನ (ಪ್ಲೇಟ್) ಮೇಲೆ ಮೇಣ, ರಾಳ, ಬಿಟುಮೆನ್ ಸೇರಿದ ಗ್ರೌಂಡ್ ಎಂಬ ಲೇಪ ಹಚ್ಚುತ್ತೇವೆ. ಸೂಜಿಯಿಂದ ಗೆರೆ ಎಳೆದಲ್ಲಿ ಲೋಹ ಬರಿದಾಗುತ್ತದೆ. ಆಸಿಡ್ ಅಷ್ಟನ್ನೇ ತಿನ್ನುತ್ತದೆ. ಆಮೇಲೆ ಗ್ರೌಂಡ್ ತೆಗೆದು, ಗೆರೆಯೊಳಗೆ ಶಾಯಿ ತುಂಬಿ, ಮೇಲಿನ ಶಾಯಿಯನ್ನು ಒರೆಸಬೇಕು. ಮೊದಲು ಜಾಲರಿಯಂಥ ಬಟ್ಟೆ, ಕೊನೆಗೆ ಬರೀ ಅಂಗೈ. ಆ ಅಂಗೈ ಎಷ್ಟು ಹಗುರವಾಗಿ ಸವರಬೇಕು ಅನ್ನುವುದನ್ನು ಯಾವ ಉಪನ್ಯಾಸವೂ ಹೇಳಿಕೊಡಲಾರದು. ಟೆಕ್ನಿಷಿಯನ್ ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ಒರೆಸಿದರು. ಅಲ್ಲಿಗೆ ಗೊತ್ತಾಯಿತು.

1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ಶುರು ಮಾಡಿದ ಬೌಹೌಸ್ ಶಾಲೆಯಲ್ಲಿ ಮೊದಲ ವರ್ಷಗಳಲ್ಲಿ ಒಂದೊಂದು ವರ್ಕ್‌ಶಾಪಿಗೆ ಇಬ್ಬರು ಗುರುಗಳಿದ್ದರು. ಒಬ್ಬರು ಕಲಾವಿದರು, ರೂಪದ ಪಾಠಕ್ಕೆ. ಇನ್ನೊಬ್ಬರು ಕೈಕೆಲಸ ಬಲ್ಲ ಕುಶಲಕರ್ಮಿ. ಅದನ್ನು ಓದಿದಾಗ ನನಗೆ ನಮ್ಮ ಟೆಕ್ನಿಷಿಯನ್ ನೆನಪಾದರು. ಅಂಥವರನ್ನು ಗುರು ಎಂದೇ ಕರೆದು, ಅದೇ ಸ್ಥಾನ, ಅದೇ ಸಂಬಳ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಲೇಜು ಕಲಿಸಿದ ಇನ್ನೊಂದು ದೊಡ್ಡ ವಿಷಯ ಸ್ಟೇಟ್. ಪ್ಲೇಟ್ ಅರ್ಧ ಆದಾಗ ಒಂದು ಪ್ರಿಂಟ್ ತೆಗೆದು ಗೋಡೆಗೆ ಹಚ್ಚುತ್ತೇವೆ. ನೋಡುತ್ತೇವೆ. ಮತ್ತೆ ಕೊರೆಯುತ್ತೇವೆ, ಇನ್ನೊಂದು ತೆಗೆಯುತ್ತೇವೆ. ಹೀಗೆ ತೆಗೆದ ಒಂದೊಂದು ಹಂತವೂ ಒಂದು ಸ್ಟೇಟ್. ಡಚ್ ಕಲಾವಿದ ರೆಂಬ್ರಾಂಟ್ 1653ರಲ್ಲಿ ಮಾಡಿದ 'ಮೂರು ಶಿಲುಬೆಗಳು' ಪ್ರಿಂಟ್‌ನ ಮೂರನೇ ಮತ್ತು ನಾಲ್ಕನೇ ಸ್ಟೇಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಷ್ಟೋ ಜನರನ್ನು ಉಜ್ಜಿ ಅಳಿಸಿದ್ದಾನೆ, ಉಳಿದವರ ಮೇಲೆ ಕತ್ತಲೆ ಸುರಿದಿದ್ದಾನೆ. ಒಂದೇ ಪ್ಲೇಟ್ ಅಂತ ನಂಬುವುದೇ ಕಷ್ಟ. ಚೆನ್ನಾಗಿ ಬಂದದ್ದನ್ನು ಕೆಡವುವ ಧೈರ್ಯ ನನಗೆ ಅಲ್ಲಿಂದ ಬಂತು. ಪುಸ್ತಕದ ಚಿತ್ರಗಳಿಗೂ ನಾನು ಈಗ ಹೀಗೇ ಕೆಲಸ ಮಾಡುತ್ತೇನೆ. ಪ್ರತಿ ಹಂತದ ಒಂದು ನಕಲು ಗೋಡೆಯ ಮೇಲಿರುತ್ತದೆ.

ಈಗ ಪ್ರೆಸ್ ವಿಷಯ. ಮನೆಯಲ್ಲಿ ಎಚ್ಚಿಂಗ್ ಸಾಧ್ಯವಿಲ್ಲ ಅಂದಾಗ ನಾನು ಲೈನೋಕಟ್ ಹಿಡಿದೆ, ಅಂದರೆ ಲೈನೋಲಿಯಂ ಹಾಳೆ ಕೊರೆದು ಅಚ್ಚು ತೆಗೆಯುವುದು. ಎಚ್ಚಿಂಗ್‌ನಲ್ಲಿ ಶಾಯಿ ಗೆರೆಯ ಒಳಗಿರುತ್ತದೆ. ಅದನ್ನು ಹೊರಗೆ ಎಳೆಯಲು ಭಾರೀ ಒತ್ತಡ ಬೇಕು, ಅದಕ್ಕೇ ಪ್ರೆಸ್. ಲೈನೋದಲ್ಲಿ ಬೇಡದ ಜಾಗ ಕೊರೆದು ತೆಗೆಯುತ್ತೇವೆ, ಉಬ್ಬಿ ಉಳಿದ ಜಾಗಕ್ಕೆ ಶಾಯಿ ಹತ್ತುತ್ತದೆ. ಇದಕ್ಕೆ ಕೈ ಒತ್ತಡವೇ ಸಾಕು. ಕಾಗದ ಹಾಸಿ ಮರದ ಚಮಚದ ಬೆನ್ನಿನಿಂದ ಉಜ್ಜಿದರೆ ಪ್ರಿಂಟ್ ಬರುತ್ತದೆ.

ಕೆಲವು ವಿಷಯಗಳು ಮಾಡುತ್ತಾ ತಿಳಿದವು. ಲೈನೋ ಮಾಡುವುದು ಅಗಸೆ ಎಣ್ಣೆ ಮತ್ತು ಕಾರ್ಕ್ ಪುಡಿಯಿಂದ, ಹಿಂದೆ ಸೆಣಬಿನ ಬಟ್ಟೆ ಇರುತ್ತದೆ. ತಣ್ಣಗಿದ್ದರೆ ಗಡಸು, ಉಳಿ ಜಾರುತ್ತದೆ. ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟರೆ ಮೆತ್ತಗಾಗುತ್ತದೆ. ಉಳಿ ಯಾವಾಗಲೂ ನಮ್ಮಿಂದ ಆಚೆಗೆ ಹೋಗಬೇಕು, ಇನ್ನೊಂದು ಕೈ ಅದರ ಹಿಂದೆಯೇ ಇರಬೇಕು. ಕಾಗದ ತೆಳ್ಳಗಿರಲಿ. ಕಾಲೇಜಿನಲ್ಲಿ ಬಳಸುತ್ತಿದ್ದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ದಪ್ಪ ಹತ್ತಿ ಕಾಗದ ಕೈಯಿಂದ ಉಜ್ಜಲು ಆಗುವುದಿಲ್ಲ. ಉದ್ದ ನಾರಿನ ತೆಳು ಕಾಗದವಾದರೆ ಹರಿಯುವುದಿಲ್ಲ, ಶಾಯಿಯೂ ಬೇಗ ಹಿಡಿಯುತ್ತದೆ. ರೋಲರ್‌ನಲ್ಲಿ ಶಾಯಿ ಹರಡುವಾಗ ಕಿವಿಗೊಟ್ಟು ಕೇಳಿ. ಪದರ ಸರಿಯಾಗಿದ್ದರೆ ಸಣ್ಣಗೆ ಚರಚರ ಸದ್ದು ಬರುತ್ತದೆ. ಪಚಪಚ ಅಂದರೆ ಶಾಯಿ ಜಾಸ್ತಿ ಆಗಿದೆ, ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ.

ಚಮಚದಲ್ಲಿ ಪ್ರೆಸ್ಸಿಗಿಲ್ಲದ ಒಂದು ಸುಖ ಇದೆ. ಕಾಗದದ ಒಂದು ಮೂಲೆ ಎತ್ತಿ ನೋಡಬಹುದು. ಕಮ್ಮಿ ಬಂದಿದ್ದರೆ ಅಲ್ಲೇ ಇನ್ನಷ್ಟು ಉಜ್ಜಬಹುದು. ಆಕಾಶ ತೆಳುವಾಗಿರಲಿ ಅನಿಸಿದರೆ ಅಲ್ಲಿ ಕೈ ಹಗುರ ಮಾಡಬಹುದು. ಪ್ರೆಸ್ ಇಡೀ ಹಾಳೆಗೆ ಒಂದೇ ಸಮ ಒತ್ತಡ ಕೊಡುತ್ತದೆ, ಕೈ ಹಾಗಲ್ಲ.

ಎರಡು ಬಣ್ಣ, ಮೂರು ಬಣ್ಣಕ್ಕೆ ರಿಡಕ್ಷನ್ ವಿಧಾನ ಹಿಡಿದೆ. ಒಂದೇ ಬ್ಲಾಕ್, ಅಂದರೆ ಕೊರೆಯುವ ಒಂದೇ ಲೈನೋ ತುಂಡು. ಮೊದಲು ತಿಳಿ ಬಣ್ಣ ಎಲ್ಲ ಹಾಳೆಗಳಿಗೂ ಹಾಕಿ ಮುಗಿಸಬೇಕು. ಅದೇ ಬ್ಲಾಕನ್ನು ಮತ್ತಷ್ಟು ಕೊರೆದು, ಅದೇ ಹಾಳೆಗಳ ಮೇಲೆ ಗಾಢ ಬಣ್ಣ. ಕೊರೆದ ಮೇಲೆ ಹಿಂದಿನ ಹಂತಕ್ಕೆ ಹೋಗುವಂತಿಲ್ಲ, ಹಾಗಾಗಿ ಎಷ್ಟು ಪ್ರತಿ ಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರಬೇಕು. ಪಿಕಾಸೊ 1950ರ ದಶಕದ ಕೊನೆಯಲ್ಲಿ ಫ್ರಾನ್ಸಿನ ವಲೋರಿಸ್‌ನಲ್ಲಿ, ಇಡಾಲ್ಗೊ ಆರ್ನೆರಾ ಎಂಬ ಮುದ್ರಕನ ಜೊತೆ ಹೀಗೇ ಒಂದೇ ಬ್ಲಾಕಿನಿಂದ ಹಲವು ಬಣ್ಣದ ಲೈನೋಗಳನ್ನು ಮಾಡಿದ್ದ. ಆಗ ಅವನಿಗೆ 70 ದಾಟಿತ್ತು.

ಎಚ್ಚಿಂಗ್ ಬಿಟ್ಟು ಲೈನೋ ಅಂದರೆ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ ಎಂದು ಕೆಲವರಿಗೆ ಅನಿಸುತ್ತದೆ. ನಾನು ಒಪ್ಪುವುದಿಲ್ಲ. ಜರ್ಮನ್ ಕಲಾವಿದೆ ಕೇಟೆ ಕೋಲ್‌ವಿಟ್ಸ್ ಎಚ್ಚಿಂಗ್‌ನಲ್ಲಿ, ಲಿಥೋದಲ್ಲಿ ಹೆಸರು ಮಾಡಿದವಳು. 1914ರ ಅಕ್ಟೋಬರ್‌ನಲ್ಲಿ ಅವಳ ಕಿರಿಯ ಮಗ ಪೀಟರ್ ಯುದ್ಧದಲ್ಲಿ ಸತ್ತ. ಆ ದುಃಖವನ್ನು ಚಿತ್ರದಲ್ಲಿ ಹೇಗೆ ತರುವುದು ಎಂದು ವರ್ಷಗಟ್ಟಲೆ ಹುಡುಕಿದಳು. 1920ರಲ್ಲಿ ಜರ್ಮನ್ ಕಲಾವಿದ ಅರ್ನ್ಸ್ಟ್ ಬಾರ್ಲಾಖ್‌ನ ವುಡ್‌ಕಟ್‌ಗಳನ್ನು ನೋಡಿದ ಮೇಲೆ ತಾನೂ ಮರ ಕೊರೆಯಲು ಶುರು ಮಾಡಿದಳು. ಯುದ್ಧದ ಬಗ್ಗೆ ಅವಳು ಮಾಡಿದ ಏಳು ವುಡ್‌ಕಟ್‌ಗಳು ಹುಟ್ಟಿದ್ದು ಹಾಗೆ. ಹೇಳಬೇಕಾದದ್ದಕ್ಕೆ ಆ ಒರಟು ಕಪ್ಪು ಬಿಳುಪೇ ಬೇಕಿತ್ತು. ನಮ್ಮವರೇ ಆದ ಭಾರತೀಯ ಕಲಾವಿದ ಸೋಮನಾಥ ಹೋರ್ 1970ರ ದಶಕದಲ್ಲಿ 'ಗಾಯಗಳು' ಎಂಬ ಸರಣಿ ಮಾಡಿದರು. ಅದರಲ್ಲಿ ಶಾಯಿಯೇ ಇಲ್ಲ. ಕಾಗದದ ತಿರುಳನ್ನು ಅಚ್ಚಿಗೆ ಒತ್ತಿ ಮಾಡಿದ ಬಿಳಿ ಹಾಳೆಗಳು. ಬಿಳಿಯ ಮೇಲೆ ಬಿಳಿಯಲ್ಲೇ ಗಾಯ ಕಾಣುತ್ತದೆ.

ಪ್ರೆಸ್ಸನ್ನು ಪೂರ್ತಿ ಬಿಟ್ಟೆ ಅಂತಲ್ಲ. ಕೆಲವು ವರ್ಷಗಳ ಮೇಲೆ ನಾನು ಮತ್ತು ಇಬ್ಬರು ಗೆಳೆಯರು ಸೇರಿ ಮೇಜಿನ ಮೇಲಿಡುವ ಸಣ್ಣ ಪ್ರೆಸ್ ಕೊಂಡೆವು. ಅದರಲ್ಲಿ ಡ್ರೈಪಾಯಿಂಟ್ ಮಾಡುತ್ತೇವೆ, ಅಂದರೆ ಸೂಜಿಯಿಂದ ಪ್ಲೇಟನ್ನು ನೇರವಾಗಿ ಗೀರುವುದು. ಆಸಿಡ್ ಬೇಡ, ಅಕ್ರಿಲಿಕ್ ಹಾಳೆ ಮತ್ತು ಗಟ್ಟಿ ಸೂಜಿ ಸಾಕು. ಸೂಜಿ ಎಬ್ಬಿಸಿದ ಅಂಚಿನಲ್ಲಿ ಶಾಯಿ ನಿಂತು ಮಖಮಲ್ಲಿನಂಥ ಗೆರೆ ಬರುತ್ತದೆ. ಆ ಅಂಚು ಬೇಗ ಸವೆಯುತ್ತದೆ, ಹಾಗಾಗಿ ಎಡಿಶನ್, ಅಂದರೆ ಒಂದು ಪ್ಲೇಟಿನಿಂದ ತೆಗೆಯುವ ಒಟ್ಟು ಪ್ರತಿಗಳು, ಚಿಕ್ಕದು. ಪಾಲುದಾರಿಕೆಯ ನಿಯಮಗಳನ್ನು ಮೊದಲೇ ಕಾಗದದ ಮೇಲೆ ಬರೆದೆವು: ಯಾರಿಗೆ ಯಾವ ದಿನ, ಪ್ರೆಸ್ಸಿನಲ್ಲಿ ಕಾಗದದ ಮೇಲೆ ಹಾಸುವ ಉಣ್ಣೆಯ ಬ್ಲಾಂಕೆಟ್ ಹಾಳಾದರೆ ಖರ್ಚು ಹೇಗೆ, ಒಬ್ಬರು ಬಿಟ್ಟರೆ ಪಾಲು ಯಾರು ಕೊಳ್ಳಬೇಕು. ಸ್ನೇಹ ಇದೆಯಲ್ಲ ಅಂತ ಸುಮ್ನೆ ಇರಬೇಡಿ. ಸ್ನೇಹ ಇರುವುದಕ್ಕೇ ಬರೆದಿಡಬೇಕು.

ಗಡುವಿನ ಸಮಸ್ಯೆಗೆ ಪ್ರಿಂಟ್ ಎಕ್ಸ್‌ಚೇಂಜ್ ಸಿಕ್ಕಿತು. ಒಂದಷ್ಟು ಜನ ಸೇರುತ್ತಾರೆ. ಎಲ್ಲರಿಗೂ ಒಂದೇ ಅಳತೆ, ಒಂದೇ ಕೊನೆಯ ದಿನ. ಎಷ್ಟು ಜನರೋ ಅಷ್ಟು ಪ್ರತಿ ಮಾಡಿ ಎಲ್ಲರಿಗೂ ಒಂದೊಂದು ಕಳಿಸಬೇಕು. ಬದಲಿಗೆ ಪ್ರತಿಯೊಬ್ಬರಿಂದಲೂ ಒಂದೊಂದು ನಮಗೆ ಬರುತ್ತದೆ. ನಾನು ತಡ ಮಾಡಿದರೆ ಉಳಿದವರ ಸೆಟ್ ಅರ್ಧಕ್ಕೆ ನಿಲ್ಲುತ್ತದೆ ಅನ್ನುವ ಯೋಚನೆಯೇ ನನ್ನನ್ನು ಉಳಿ ಹಿಡಿಸುತ್ತದೆ.

ಕಷ್ಟವಾದದ್ದು ಮೂರನೆಯದು, ಕೆಲಸ ನೋಡಿ ಮಾತಾಡುವ ಜನ. ಕಾಲೇಜಿನಲ್ಲಿ ವಾರಕ್ಕೊಮ್ಮೆ ಕ್ರಿಟ್ ಇರುತ್ತಿತ್ತು. ಕೆಲಸ ಗೋಡೆಗೆ ಹಾಕಿ ಎಲ್ಲರೂ ಸುತ್ತ ನಿಲ್ಲುತ್ತಿದ್ದೆವು. ಮೊದಲು ಕೆಲವು ನಿಮಿಷ ಯಾರೂ ಮಾತಾಡುವಂತಿಲ್ಲ. ಆಮೇಲೆ ನೋಡಿದವರು ತಮಗೆ ಏನು ಕಾಣುತ್ತಿದೆ ಅಂತ ಮಾತ್ರ ಹೇಳಬೇಕು, ಚೆನ್ನಾಗಿದೆ ಕೆಟ್ಟದಾಗಿದೆ ಅನ್ನಬಾರದು. ಮಾಡಿದವರ ಸರದಿ ಕೊನೆಗೆ. ಈ ನಿಯಮ ಅದ್ಭುತ. ಮಾಡಿದವರು ಮೊದಲೇ ವಿವರಿಸಿದರೆ ಎಲ್ಲರಿಗೂ ಆ ವಿವರಣೆಯೇ ಕಾಣುತ್ತದೆ, ಅಲ್ವಾ?

ಹೊರಗೆ ಬಂದ ಮೇಲೆ ಸಿಗುವುದು ಬರೀ ಹೊಗಳಿಕೆ. ಮನೆಯವರು, ಗೆಳೆಯರು ಎಲ್ಲರೂ ಪ್ರೀತಿಯಿಂದ ಚೆನ್ನಾಗಿದೆ ಅನ್ನುತ್ತಾರೆ. ಅದರಿಂದ ಮನಸ್ಸಿಗೆ ಹಿತವಾಗುತ್ತದೆ, ಕೆಲಸ ಮುಂದೆ ಹೋಗುವುದಿಲ್ಲ. ಹಾಗಾಗಿ ನಾವು ಕೆಲವರು ಮತ್ತೆ ಕ್ರಿಟ್ ಶುರು ಮಾಡಿದೆವು, ಅದೇ ನಿಯಮಗಳಲ್ಲಿ. ಫೋಟೋ ಕಳಿಸಿ ಮಾಡಿ ನೋಡಿದೆವು, ಸರಿಹೋಗಲಿಲ್ಲ. ಕಾಗದದ ಮೇಲೆ ಪ್ಲೇಟ್ ಒತ್ತಿದ ಗುರುತು, ಶಾಯಿಯ ದಪ್ಪ ಪರದೆಯಲ್ಲಿ ಕಾಣುವುದಿಲ್ಲ. ಎದುರುಬದುರು ಕೂತೇ ಆಗಬೇಕು. ಗುಂಪಿನಲ್ಲಿ ಬೇರೆ ಕೆಲಸದವರೂ ಇದ್ದಾರೆ. ಒಬ್ಬರು ಗೇಮ್‌ಗಳಿಗೆ ಹಿನ್ನೆಲೆ ಚಿತ್ರ ಮಾಡುತ್ತಾರೆ, ಒಬ್ಬರು ಹಳೆಯ ಚಿತ್ರಗಳ ಸಂರಕ್ಷಣೆ, ಇನ್ನೊಬ್ಬರು ಮಕ್ಕಳಿಗೆ ಡ್ರಾಯಿಂಗ್ ಟೀಚರ್. ಕಲಾವಿದರಾಗಲಿಲ್ಲ ಎಂದು ಯಾರನ್ನೂ ಲೆಕ್ಕದಿಂದ ತೆಗೆಯಬೇಡಿ. ಸಂರಕ್ಷಣೆ ಮಾಡುವ ಗೆಳತಿಯಷ್ಟು ಸೂಕ್ಷ್ಮವಾಗಿ ಕಾಗದವನ್ನು ನೋಡುವವರು ನನಗೆ ಬೇರೆ ಸಿಕ್ಕಿಲ್ಲ.

ದುಡಿಮೆ ಬಗ್ಗೆ ಕಾಲೇಜು ಏನನ್ನೂ ಹೇಳಿಕೊಟ್ಟಿರಲಿಲ್ಲ. ಪುಸ್ತಕದ ಕೆಲಸ ಒಪ್ಪಿಕೊಳ್ಳುವ ಮೊದಲು ನಾನು ಈಗ ಒಂದು ಪುಟದ ಕರಾರು ಕೇಳುತ್ತೇನೆ. ಎಷ್ಟು ಚಿತ್ರ, ಯಾವ ಅಳತೆ, ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು, ಮೂಲ ಚಿತ್ರ ಯಾರದು, ಯಾವ ಬಳಕೆಗೆ ಎಷ್ಟು ಕಾಲ ಅನುಮತಿ ಅನ್ನುವುದು ಅದರಲ್ಲಿರುತ್ತದೆ. ಕೊನೆಯ ಮಾತು ತುಂಬ ಮುಖ್ಯ. ಪುಸ್ತಕದೊಳಗೆ ಅಚ್ಚು ಹಾಕಲು ಕೊಟ್ಟ ಚಿತ್ರ ನಾಳೆ ಟೀ ಶರ್ಟ್ ಮೇಲೆ ಬಂದರೆ ಅದು ಬೇರೆ ಬಳಕೆ, ಅದಕ್ಕೆ ಬೇರೆ ಹಣ. ತಿದ್ದುಪಡಿಗೆ ಮಿತಿ ಇಲ್ಲದ ಕೆಲಸವನ್ನು ನಾನು ಒಪ್ಪುವುದಿಲ್ಲ. ಈ ಕೆಲಸದಲ್ಲಿ ಪ್ರಿಂಟ್ ಪಾಠ ದಿನವೂ ನೆರವಿಗೆ ಬರುತ್ತದೆ. ಎರಡೇ ಬಣ್ಣದಲ್ಲಿ ಪುಸ್ತಕ ಬೇಕು ಎಂದು ಪ್ರಕಾಶಕರು ಹೇಳಿದರೆ ನನಗೆ ಖುಷಿ. ಒಂದರ ಮೇಲೊಂದು ಬಿದ್ದು ಮೂರನೇ ಬಣ್ಣ ಹುಟ್ಟುವ ಲೆಕ್ಕ ಕೈಗೇ ಗೊತ್ತಿದೆ.

ಕೊನೆಯ ವರ್ಷದ ವಿದ್ಯಾರ್ಥಿಗಳು ಏನು ಮಾಡಲಿ ಎಂದು ಕೇಳುತ್ತಾರೆ. ಪ್ರೆಸ್ ಇನ್ನೂ ಕೈಯಲ್ಲಿರುವಾಗಲೇ ಅರ್ಧ ಬಿಟ್ಟ ಎಡಿಶನ್‌ಗಳನ್ನು ಮುಗಿಸಿ, ನಂಬರ್ ಹಾಕಿ, ಸಹಿ ಮಾಡಿ ಅನ್ನುತ್ತೇನೆ. ಸತುವಿನ ಪ್ಲೇಟುಗಳ ಶಾಯಿ ಪೂರ್ತಿ ತೊಳೆದು, ವ್ಯಾಸಲೀನ್ ತೆಳ್ಳಗೆ ಸವರಿ, ಕಾಗದದಲ್ಲಿ ಸುತ್ತಿಡಿ. ಇಲ್ಲದಿದ್ದರೆ ತೇವಕ್ಕೆ ಕಲೆ ಬೀಳುತ್ತದೆ, ಆ ಕಲೆ ಪ್ರಿಂಟಿನಲ್ಲೂ ಬರುತ್ತದೆ. ಟೆಕ್ನಿಷಿಯನ್ ಹತ್ತಿರ ಗ್ರೌಂಡ್ ಮತ್ತು ಆಸಿಡ್‌ನ ಅಳತೆಗಳನ್ನು ಕೇಳಿ ಬರೆದುಕೊಳ್ಳಿ. ಕ್ರಿಟ್‌ನಲ್ಲಿ ಯಾರ ಮಾತು ನಿಮಗೆ ನಿಜಕ್ಕೂ ಕೆಲಸಕ್ಕೆ ಬಂತು ಅಂತ ಯೋಚಿಸಿ, ಅವರಲ್ಲಿ ಇಬ್ಬರು ಮೂವರ ಹತ್ತಿರ ಹೋಗಿ, ಮುಂದೆಯೂ ಪ್ರತಿ ತಿಂಗಳು ಸೇರೋಣವೇ ಎಂದು ಈಗಲೇ ಕೇಳಿ.